ಒತ್ತೆ ಇಟ್ಟ ಮಕ್ಕಳನ್ನು ಬಿಡಿಸಿಕೊಂಡ ತಂದೆ



ಟಿಪ್ಪು ಸುಲ್ತಾನರ ಹೆಸರು ಕೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಹುಲಿ, ಖಡ್ಗ, ರಾಕೆಟ್. ಅವರು ಸೋತ ಯುದ್ಧ, ಗೆದ್ದ ಯುದ್ಧ, ಕೊನೆಗೆ ಹುತಾತ್ಮರಾದ ದಿನ ಇವನ್ನೆಲ್ಲ ನೀವು ಶಾಲೆಯಲ್ಲೇ ಓದಿದ್ದೀರಿ. ಇಲ್ಲಿ ಹೇಳಹೊರಟಿರುವುದು ಅದಲ್ಲ. ಅವರು ಒಬ್ಬ ತಂದೆಯಾಗಿದ್ದರು. ಶತ್ರು ಊರ ಬಾಗಿಲಿಗೆ ಬಂದಾಗ, ಊರನ್ನು ಉಳಿಸಬೇಕಾದರೆ ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕು ಎಂಬ ಷರತ್ತು ಅವರ ಮುಂದೆ ಬಂತು. ಆಗ ಅವರು ಏನು ಮಾಡಿದರು, ಯಾಕೆ ಮಾಡಿದರು, ಆಮೇಲೆ ಆ ಮಕ್ಕಳಿಗಾಗಿ ಏನು ತೆತ್ತರು ಎಂಬುದನ್ನು ನೀವು ತಿಳಿಯಬೇಕು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ತಲೆ ಮೇಲಿನ ಸಾಲಕ್ಕಾಗಿ ದೇರಾದಲ್ಲಿ ದುಡಿಯುತ್ತಿರುವ ನಿಮಗೆ ಈ ಕಥೆ ದೂರದ್ದಲ್ಲ.

ತಂದೆ ಕಂಡ ಸೆರೆ

ಮೊದಲು ಟಿಪ್ಪುವಿನ ತಂದೆ ಹೈದರಾಲಿಯವರ ಬಾಲ್ಯ ನೋಡಿ. ಅವರ ತಂದೆ ಫತೇ ಮುಹಮ್ಮದರು ಸಿರಾದ ಸುಬೇದಾರನ ಸೇವೆಯಲ್ಲಿದ್ದ ಸೇನಾನಾಯಕ. ಅವರು ಯುದ್ಧದಲ್ಲಿ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಹೆಂಡತಿ, ಇಬ್ಬರು ಸಣ್ಣ ಹುಡುಗರು ಮತ್ತು ಸಾಲ. ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್ ಆ ಕುಟುಂಬವನ್ನು ಹಿಡಿದಿಟ್ಟ. ಮನೆಯಲ್ಲಿದ್ದುದನ್ನೆಲ್ಲ ಕಸಿದುಕೊಂಡ. ಇನ್ನೂ ಹಣ ಬರಲಿ ಎಂದು ಶಹಬಾಜ್ ಮತ್ತು ಹೈದರ್ ಎಂಬ ಆ ಇಬ್ಬರು ಹುಡುಗರನ್ನು ನಗಾರಿಯೊಳಗೆ ಕೂರಿಸಿ, ಮೇಲಿನ ಚರ್ಮ ಬಿಗಿದು ಹಿಂಸೆ ಕೊಡಿಸಿದ ಎಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ಅಪ್ಪನ ಸಾಲಕ್ಕೆ ಮಕ್ಕಳು ಹೊಣೆಯಾದರು. ಹೈದರಾಲಿ ಓದು ಬರಹ ಕಲಿಯದೆ ಬೆಳೆದರು. ಆದರೆ ಆ ನಗಾರಿಯನ್ನು ಮರೆಯಲಿಲ್ಲ.

ಟಿಪ್ಪು ಕಂಡ ಸೆರೆ

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ನೀವು ಬೆಂಗಳೂರಿಗೆ ಹೋಗಿ ಇಳಿಯುವ ವಿಮಾನ ನಿಲ್ದಾಣ ಇರುವ ಅದೇ ದೇವನಹಳ್ಳಿ. ತಾಯಿ ಫಾತಿಮಾ ಫಖ್ರುನ್ನಿಸಾ.

1760ರಲ್ಲಿ ಹೈದರಾಲಿಯವರ ನಂಬಿಕಸ್ಥನಾಗಿದ್ದ ಖಂಡೇರಾಯನೇ ಅವರ ವಿರುದ್ಧ ತಿರುಗಿಬಿದ್ದ. ಅರಮನೆಯವರೂ ಮರಾಠರೂ ಅವನ ಜೊತೆಗೂಡಿದರು. ಶ್ರೀರಂಗಪಟ್ಟಣದಲ್ಲಿ ಇದ್ದಕ್ಕಿದ್ದಂತೆ ಫಿರಂಗಿ ಹಾರಿದಾಗ ಹೈದರ್ ಜೊತೆ ಇದ್ದವರು ಬೆರಳೆಣಿಕೆಯಷ್ಟು ಜನ. ಆ ರಾತ್ರಿ ಅವರು ತುಂಬಿದ ಕಾವೇರಿ ದಾಟಿ ಬೆಂಗಳೂರಿನ ಕಡೆ ಓಡಿದರು. ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಆಗಲಿಲ್ಲ. ಟಿಪ್ಪುವಿಗೆ ಆಗ 9 ಅಥವಾ 10 ವರ್ಷ. ತಾಯಿಯ ಜೊತೆ ಶತ್ರುವಿನ ಕೈಯಲ್ಲಿ ಉಳಿದರು.

ಇದನ್ನು ಕೇಳಿ ನಿಮಗೆ ಏನನ್ನಿಸುತ್ತದೆ? ಮಕ್ಕಳನ್ನು ಬಿಟ್ಟು ಓಡಿದವನು ಎಂಥ ತಂದೆ ಎಂದು ಸಿಟ್ಟು ಬರಬಹುದು. ಆದರೆ ಜೊತೆಗೇ ಉಳಿದಿದ್ದರೆ ಅವರನ್ನು ಕೊಂದುಬಿಡುತ್ತಿದ್ದರು. ಮಕ್ಕಳು ಆಗ ಯಾರ ದಯೆಯಲ್ಲಿ ಬದುಕಬೇಕಿತ್ತು? ಹೈದರಾಲಿ ಹೊರಗೆ ಹೋಗಿ ಸೈನ್ಯ ಕೂಡಿಸಿದರು, ಮರುವರ್ಷ 1761ರಲ್ಲಿ ಶ್ರೀರಂಗಪಟ್ಟಣಕ್ಕೆ ಹಿಂತಿರುಗಿ ತಮ್ಮವರನ್ನು ಬಿಡಿಸಿಕೊಂಡರು. ಖಂಡೇರಾಯ ಆ ಕುಟುಂಬವನ್ನು ಸೆರೆಯಲ್ಲಿಟ್ಟಿದ್ದರೂ ಅವರಿಗೆ ಕೇಡು ಮಾಡಿರಲಿಲ್ಲ. ಅದನ್ನೂ ಹೇಳಬೇಕು, ಯಾಕೆಂದರೆ ಶತ್ರುವಿನ ಮಗುವೂ ಮಗುವೇ ಎಂಬುದು ಆ ಕಾಲದಲ್ಲಿ ಎಲ್ಲರಿಗೂ ನೆನಪಿರಲಿಲ್ಲ.

ದೂರ ಹೋದ ಅಪ್ಪ ಬಂದೇ ಬರುತ್ತಾರೆ ಎಂದು ಕಾದ ಹುಡುಗ ಟಿಪ್ಪು. ಕಾಯುವುದು ಎಂದರೇನೆಂದು ಅವರಿಗೆ ಗೊತ್ತಿತ್ತು.

ಸುಲ್ತಾನ

1782ರ ಡಿಸೆಂಬರ್‌ನಲ್ಲಿ ಹೈದರಾಲಿ ತೀರಿಕೊಂಡರು. ಟಿಪ್ಪು ಆಳ್ವಿಕೆಗೆ ಬಂದರು. ಅವರ ಕೆಲಸಗಳ ಪಟ್ಟಿ ಉದ್ದವಿದೆ. ನಿಮಗೆ ಹತ್ತಿರವಾದ ಒಂದನ್ನು ಮಾತ್ರ ಹೇಳುತ್ತೇವೆ. ನಮ್ಮ ಕರಾವಳಿಯ ಗಂಧ, ಮೆಣಸು, ಅಕ್ಕಿಯನ್ನು ಈ ಕೊಲ್ಲಿಯ ಬಂದರುಗಳಿಗೆ ಮಾರಲು ಅವರು ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ತೆರೆದಿದ್ದರು. 1786ರಲ್ಲಿ ಉಸ್ಮಾನಿಯಾ ಖಲೀಫರ ಬಳಿಗೆ ಕಳುಹಿಸಿದ ಅವರ ರಾಯಭಾರಿಗಳು ಕರಾವಳಿಯಿಂದ ಹಡಗು ಹತ್ತಿ, ಮಸ್ಕತ್ ದಾಟಿ, ಇದೇ ಕೊಲ್ಲಿಯ ನೀರಿನಲ್ಲಿ ಬಸ್ರಾಕ್ಕೆ ಹೋದರು. ಅವರ ಮುಖ್ಯಸ್ಥ ಗುಲಾಮ್ ಅಲಿ ಖಾನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಕರ್ನಾಟಕದಿಂದ ಗಲ್ಫಿಗೆ ಬಂದವರಲ್ಲಿ ನಾವು ಮೊದಲಿಗರೇನೂ ಅಲ್ಲ.

1792ರ ಫೆಬ್ರವರಿ

1790ರಲ್ಲಿ ಇಂಗ್ಲಿಷರ ಕಂಪನಿ, ಮರಾಠರು ಮತ್ತು ಹೈದರಾಬಾದಿನ ನಿಜಾಮ ಮೂವರೂ ಒಂದಾಗಿ ಮೈಸೂರಿನ ಮೇಲೆ ಯುದ್ಧಕ್ಕೆ ನಿಂತರು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದ ಲಾರ್ಡ್ ಕಾರ್ನ್‌ವಾಲಿಸ್, ಮಳೆ, ಹಸಿವು, ದನಕರುಗಳ ಸಾವಿನಿಂದ ಕಂಗೆಟ್ಟು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದೆ ಸರಿದ. ಮುಂದಿನ ವರ್ಷ ಎಲ್ಲ ಸಿದ್ಧತೆಯೊಂದಿಗೆ ಮತ್ತೆ ಬಂದ. 1792ರ ಫೆಬ್ರವರಿ 6ರ ರಾತ್ರಿ ದ್ವೀಪದ ಮೇಲೆ ದಾಳಿ ನಡೆಯಿತು. ಬೆಳಗಾಗುವಾಗ ದ್ವೀಪದ ದೊಡ್ಡ ಭಾಗ ಶತ್ರುಗಳ ವಶವಾಗಿತ್ತು. ಉಳಿದದ್ದು ಕೋಟೆ ಮಾತ್ರ. ಅದರೊಳಗೆ ಸೈನಿಕರಷ್ಟೇ ಅಲ್ಲ, ಅವರ ಹೆಂಗಸರು, ಮಕ್ಕಳು, ಮುದುಕರು, ಅಂಗಡಿಯವರು, ಕೂಲಿಯವರು ಎಲ್ಲರೂ ಇದ್ದರು.

ಸಂಧಿಗೆ ಶತ್ರುಗಳು ಇಟ್ಟ ಷರತ್ತು ನಾಲ್ಕು. ರಾಜ್ಯದ ಅರ್ಧ ಬಿಟ್ಟುಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಸೆರೆಯಾಳುಗಳೆಲ್ಲರನ್ನೂ ಬಿಡಬೇಕು. ಇಷ್ಟೆಲ್ಲ ಆಗುವವರೆಗೆ ಸುಲ್ತಾನರ ಮೂವರು ಹಿರಿಯ ಗಂಡುಮಕ್ಕಳಲ್ಲಿ ಇಬ್ಬರು ಒತ್ತೆಯಾಗಿ ಇರಬೇಕು.

ಟಿಪ್ಪು ಒಬ್ಬರೇ ಕುಳಿತು ತೀರ್ಮಾನ ಮಾಡಲಿಲ್ಲ. ತಾವೇ ಕಟ್ಟಿಸಿದ ದೊಡ್ಡ ಮಸೀದಿಗೆ ಅಧಿಕಾರಿಗಳನ್ನು ಕರೆದು, ಕುರ್‌ಆನನ್ನು ಮುಂದಿಟ್ಟು, ಮುಚ್ಚುಮರೆಯಿಲ್ಲದೆ ಸಲಹೆ ಕೊಡಿ ಎಂದು ಕೇಳಿದರೆಂದು ವಿಲ್ಕ್ಸ್ ಬರೆಯುತ್ತಾನೆ. ನಿಮಗಾಗಿ ಪ್ರಾಣ ಕೊಡಲು ನಾವು ಸಿದ್ಧ, ಆದರೆ ಸೈನ್ಯ ಧೈರ್ಯ ಕಳೆದುಕೊಂಡಿದೆ ಎಂಬುದು ಅವರ ಉತ್ತರದ ಸಾರ. ಸುಲ್ತಾನರಿಗೆ ಇದು ಕೇಳಲು ಇಷ್ಟವಾದ ಮಾತಾಗಿರಲಿಲ್ಲ. ಆದರೂ ಕೇಳಿದರು, ಒಪ್ಪಿದರು.

ಹಿರಿಯ ಮಗ ಫತೇ ಹೈದರ್ ಆಗಲೇ ಸೈನ್ಯದ ಜೊತೆ ಯುದ್ಧಕ್ಕೆ ಹೋಗುವ ವಯಸ್ಸಿನವನು. ಒತ್ತೆಗೆ ಹೊರಟವರು ಅವನಿಗಿಂತ ಕಿರಿಯರು. ಅಬ್ದುಲ್ ಖಾಲಿಕ್‌ಗೆ 10 ವರ್ಷ, ಮುಯಿಝುದ್ದೀನ್‌ಗೆ 8 ವರ್ಷ. ಕಿರಿಯವನ ತಾಯಿ ಬಹಳ ನಾಜೂಕಿನ ಹೆಣ್ಣುಮಗಳು, ಆ ರಾತ್ರಿಯ ದಾಳಿಯ ಭಯದಿಂದ ಕೆಲವೇ ದಿನಗಳ ಹಿಂದೆ ತೀರಿಕೊಂಡಿದ್ದಳು ಎಂದು ಇಂಗ್ಲಿಷರ ಸೈನ್ಯದಲ್ಲಿದ್ದ ಮೇಜರ್ ಡಿರೋಮ್ ಬರೆದಿಟ್ಟಿದ್ದಾನೆ. ಯೋಚಿಸಿ ನೋಡಿ. ತಾಯಿಯ ಮಯ್ಯತ್ ಎತ್ತಿದ ಮನೆಯಿಂದ, ಆ ದುಃಖ ಆರುವ ಮೊದಲೇ, 8 ವರ್ಷದ ಮಗುವನ್ನು ಶತ್ರುವಿನ ಡೇರೆಗೆ ಕಳುಹಿಸಬೇಕು.

ಫೆಬ್ರವರಿ 26ರಂದು ಮಕ್ಕಳಿಬ್ಬರೂ ಆನೆ ಏರಿ ಕೋಟೆಯ ಬಾಗಿಲು ದಾಟಿದರು. ಬಿಳಿ ಮಸ್ಲಿನ್ ಅಂಗಿ, ಕೆಂಪು ರುಮಾಲು, ಕೊರಳಲ್ಲಿ ಮುತ್ತಿನ ಸರ. ಕೋಟೆಯಿಂದ ಗೌರವದ ತೋಪು ಹಾರಿತು. ಗೋಡೆಗಳ ಮೇಲೆ ಜನ ಕಿಕ್ಕಿರಿದಿದ್ದರು. ಸುಲ್ತಾನರೂ ಬಾಗಿಲ ಮೇಲೆ ನಿಂತು ನೋಡುತ್ತಿದ್ದರೆಂದು ಹೇಳುತ್ತಾರೆ. ಮಕ್ಕಳ ಜೊತೆ ಹೋದವರು ಇಸ್ತಾಂಬುಲಿಗೆ ಹೋಗಿ ಬಂದಿದ್ದ ಅದೇ ಗುಲಾಮ್ ಅಲಿ ಖಾನ್. ಕಾರ್ನ್‌ವಾಲಿಸ್ ಹೊರಗೆ ಬಂದು ಇಬ್ಬರನ್ನೂ ಅಪ್ಪಿಕೊಂಡ, ಒಬ್ಬೊಬ್ಬರಿಗೆ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಈ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬಿಡಿಸಿದರು. ಆ ಚಿತ್ರಗಳಲ್ಲಿ ಕಾರ್ನ್‌ವಾಲಿಸ್‌ನೇ ಕರುಣಾಮಯಿ ತಂದೆಯ ಹಾಗೆ ನಿಂತಿದ್ದಾನೆ. ಗೋಡೆಯ ಆಚೆ ಉಳಿದ ತಂದೆ ಆ ಚಿತ್ರಗಳಲ್ಲಿಲ್ಲ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಅಂತಿಮ ಕರಾರಿನಲ್ಲಿ ಕೊಡಗನ್ನೂ ಬಿಡಬೇಕೆಂದು ಕಂಡಾಗ ಟಿಪ್ಪು ಇದು ಮೋಸವೆಂದು ಸಿಟ್ಟಾದರು. ಶತ್ರುಗಳು ಮತ್ತೆ ಮುತ್ತಿಗೆಗೆ ಅಣಿಯಾದರು. ಮಕ್ಕಳ ಕಾವಲಿಗಿದ್ದ ಮೈಸೂರಿನ ಸಿಪಾಯಿಗಳ ಆಯುಧ ಕಿತ್ತುಕೊಂಡು, ಮಕ್ಕಳನ್ನು ಬೆಂಗಳೂರಿನ ದಾರಿ ಹಿಡಿಸಿದರು. ಅಪ್ಪಿಕೊಂಡ ಕೈಯೇ ಬಿಗಿ ಹಿಡಿಯಿತು. ಸುಲ್ತಾನರು ಮಣಿದರು. ಮಾರ್ಚ್ 18ರ ದಿನಾಂಕದ ಕರಾರಿಗೆ ಮುದ್ರೆ ಬಿತ್ತು.

ಸಾಲ ತೀರಿಸಿದ ಬಗೆ

ಒಟ್ಟು ಹಣದಲ್ಲಿ ಅರ್ಧ, ಅಂದರೆ 1 ಕೋಟಿ 65 ಲಕ್ಷ ಕೂಡಲೇ ಕೊಡಬೇಕು. ಉಳಿದದ್ದು ಮೂರು ಕಂತುಗಳಲ್ಲಿ, ಪ್ರತಿ ಕಂತಿಗೆ ನಾಲ್ಕು ತಿಂಗಳು ಮೀರದಂತೆ. ಅರ್ಧ ರಾಜ್ಯದ ಆದಾಯ ಹೋಗಿದೆ, ಹೊಲಗಳು ಹಾಳಾಗಿವೆ, ಆದರೂ ಹಣ ಹುಟ್ಟಬೇಕು. ಖಜಾನೆಯಿಂದ ಒಂದು ಪಾಲು ಬಂತು. ಸೈನ್ಯದವರು ಒಂದು ಪಾಲು ಕೂಡಿಸಿದರು. ಉಳಿದದ್ದು ಅಧಿಕಾರಿಗಳ ಮೇಲೆ, ಅವರ ಮೂಲಕ ರೈತರ ಮೇಲೆ, ವ್ಯಾಪಾರಿಗಳ ಮೇಲೆ ಬಿತ್ತು. ಸುಲ್ತಾನರ ಮಕ್ಕಳನ್ನು ಬಿಡಿಸಿದ ಹಣದಲ್ಲಿ ಎಷ್ಟೋ ಬಡವರ ಮಕ್ಕಳ ತುತ್ತು ಸೇರಿತ್ತು. ಇದನ್ನು ಮರೆತು ಈ ಕಥೆ ಹೇಳಿದರೆ ಅರ್ಧ ಹೇಳಿದಂತೆ.

ಮಕ್ಕಳು ಮದರಾಸಿನಲ್ಲಿ ಎರಡು ವರ್ಷ ಕಳೆದರು. ಅವರನ್ನು ಚೆನ್ನಾಗಿಯೇ ನೋಡಿಕೊಂಡರು. ಇತ್ತ ಟಿಪ್ಪು ಮೆತ್ತನೆ ಹಾಸಿಗೆ ಬಿಟ್ಟು ನೆಲದ ಮೇಲೆ ಒರಟು ಬಟ್ಟೆ ಹಾಸಿ ಮಲಗುತ್ತಿದ್ದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಕಂತುಗಳು ತೀರಿದವು. 1794ರ ಮಾರ್ಚ್ ಕೊನೆಯಲ್ಲಿ ಮಕ್ಕಳನ್ನು ಮದರಾಸಿನಿಂದ ಕರೆತಂದು ತಂದೆಗೆ ಒಪ್ಪಿಸಿದ ಜಾಗ ಯಾವುದು ಗೊತ್ತೇ? ದೇವನಹಳ್ಳಿ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಮಕ್ಕಳು ನಿಮಗಾಗಿ ಕಾದು ನಿಲ್ಲುವ ಅದೇ ಊರು.

ಇತರರ ಮಕ್ಕಳು

ಇನ್ನೊಂದು ಮಾತನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರು ಎಂಬ ಕಾರಣಕ್ಕೆ, ಟಿಪ್ಪು ನಮ್ಮ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಕುಟುಂಬ ಸಮೇತ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಿಸಿದರು. ಕೊಡಗಿನಿಂದಲೂ ಹಾಗೆಯೇ ಕುಟುಂಬಗಳನ್ನು ಒಯ್ದರು. ದಾರಿಯಲ್ಲಿ, ಸೆರೆಯಲ್ಲಿ ಬಹಳ ಜನ ಸತ್ತರು. ತಪ್ಪು ಮಾಡಿದವರು ಕೆಲವರಿದ್ದರೂ ಇರಬಹುದು, ಆದರೆ ತೊಟ್ಟಿಲ ಮಗು ಯಾವ ತಪ್ಪು ಮಾಡಿತ್ತು? ಆ ತಂದೆ ತಾಯಂದಿರಿಗೆ ಆರಿಸಿಕೊಳ್ಳಲು ಷರತ್ತು ಕೂಡ ಇರಲಿಲ್ಲ, ತೀರಿಸಲು ಕಂತು ಕೂಡ ಇರಲಿಲ್ಲ. ಬದುಕಿ ಉಳಿದವರಲ್ಲಿ ಹಲವರು ಊರಿಗೆ ಹಿಂತಿರುಗಿದ್ದು 1799ರ ನಂತರ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಆ ನೆನಪು ಇಂದಿಗೂ ಇದೆ. ನಿಮ್ಮ ಕೋಣೆಯಲ್ಲಿ, ಸೈಟಿನಲ್ಲಿ ನಿಮ್ಮ ಜೊತೆ ದುಡಿಯುವ ಮಂಗಳೂರಿನ ಕ್ರೈಸ್ತ ಗೆಳೆಯ ಆ ವಂಶದವನಿರಬಹುದು.

ಬಾಲ್ಯದಲ್ಲಿ ತಾವೇ ಸೆರೆ ಕಂಡವರು, ಮುಂದೆ ತಮ್ಮ ಮಕ್ಕಳನ್ನೇ ಒತ್ತೆ ಇಟ್ಟು ನೊಂದವರು. ಆದರೂ ಬೇರೆಯವರ ಮಕ್ಕಳ ನೋವು ಅವರಿಗೆ ಕಾಣದೆ ಹೋಯಿತು. ದೊಡ್ಡವರ ಬದುಕಿನಿಂದ ನಾವು ಕಲಿಯುವುದು ಅವರ ಒಳಿತಿನಿಂದ ಮಾತ್ರವಲ್ಲ. ನನ್ನ ಮಕ್ಕಳು ಸುರಕ್ಷಿತವಾಗಿರಲಿ ಎಂಬ ಆಸೆ ಎಲ್ಲರಿಗೂ ಇದೆ. ಅದಕ್ಕಾಗಿ ಇನ್ನೊಬ್ಬರ ಮಕ್ಕಳನ್ನು ಬೀದಿಗೆ ತಳ್ಳುತ್ತೇವೋ ಇಲ್ಲವೋ ಎಂಬಲ್ಲಿ ನಮ್ಮ ಪರೀಕ್ಷೆ.

1799ರ ಮೇ 4

ಇಂಗ್ಲಿಷರು ಮತ್ತೆ ಬಂದರು. 1799ರ ಏಪ್ರಿಲ್‌ನಲ್ಲಿ ಜನರಲ್ ಹ್ಯಾರಿಸ್ ಕಳುಹಿಸಿದ ಷರತ್ತು ಹಿಂದಿನದಕ್ಕಿಂತ ಕಠಿಣ. ಉಳಿದ ರಾಜ್ಯದಲ್ಲಿ ಅರ್ಧ, 2 ಕೋಟಿ ರೂಪಾಯಿ, ಈ ಸಲ ನಾಲ್ವರು ಗಂಡುಮಕ್ಕಳು ಮತ್ತು ನಾಲ್ವರು ಸೇನಾಧಿಕಾರಿಗಳು ಒತ್ತೆ. ಟಿಪ್ಪು ಒಪ್ಪಲಿಲ್ಲ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ ಎಂಬುದು ಅವರಿಗೆ ಆಗಲೇ ಗೊತ್ತಾಗಿತ್ತು. ಮೇ 4ರ ಮಧ್ಯಾಹ್ನ ಒಡೆದ ಗೋಡೆಯ ಮೂಲಕ ಶತ್ರುಗಳು ಕೋಟೆಗೆ ನುಗ್ಗಿದರು. ಸುಲ್ತಾನರು ಸಾಮಾನ್ಯ ಸಿಪಾಯಿಯಂತೆ ಹೋರಾಡುತ್ತಾ ಬಿದ್ದರು. ಆ ರಾತ್ರಿ ಊರು ಲೂಟಿಯಾಯಿತು.

1792ರಲ್ಲಿ ಮಕ್ಕಳನ್ನು ಕೊಟ್ಟರು, ಊರು ಉಳಿಯಿತು. 1799ರಲ್ಲಿ ಕೊಡಲಿಲ್ಲ, ಊರು ಹೋಯಿತು. ಹಾಗಾದರೆ ಯಾವುದು ಸರಿ? ಹೊರಗೆ ನಿಂತು ತೀರ್ಪು ಹೇಳುವುದು ಸುಲಭ. ಮೊದಲನೆಯ ಸಲ ಶತ್ರು ಮಾತು ಉಳಿಸಿಕೊಂಡಾನು ಎಂಬ ಆಸೆ ಇತ್ತು, ಸಾಲ ತೀರಿಸುವ ಶಕ್ತಿ ಇತ್ತು. ಎರಡನೆಯ ಸಲ ಎರಡೂ ಇರಲಿಲ್ಲ.

ಆ ಸಂಜೆ ಅರಮನೆಯೊಳಗೆ ಏನಾಯಿತು ಎಂಬುದನ್ನೂ ಕೇಳಿ. ಒಳಗೆ ಜನಾನಾದ ಹೆಂಗಸರು, ಪುಟ್ಟ ಮಕ್ಕಳು. ಹೊರಗೆ ಸಿಟ್ಟಿನಿಂದ ಕುದಿಯುವ ಸೈನಿಕರು. ತಂದೆ ಎಲ್ಲಿದ್ದಾರೆ, ಬದುಕಿದ್ದಾರೋ ಇಲ್ಲವೋ ತಿಳಿಯದು. ಬಾಗಿಲು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗಿ ಬಂದದ್ದು ಯಾರಿಗೆ? 8 ವರ್ಷಕ್ಕೆ ಒತ್ತೆ ಹೋಗಿದ್ದ ಮುಯಿಝುದ್ದೀನ್‌ಗೆ. ಈಗ ಅವನಿಗೆ 15ರ ಆಸುಪಾಸು. ತಂದೆಯ ಅಪ್ಪಣೆಯಿಲ್ಲದೆ ಹೇಗೆ ತೆರೆಯಲಿ ಎಂದು ಬಹಳ ಹೊತ್ತು ಹಿಂಜರಿದ. ಯಾರಿಗೂ ಕೇಡಾಗುವುದಿಲ್ಲ, ಜನಾನಾದೊಳಗೆ ಯಾರೂ ಕಾಲಿಡುವುದಿಲ್ಲ ಎಂಬ ಮಾತನ್ನು ಮೇಜರ್ ಅಲನ್‌ನಿಂದ ಪಡೆದ ಮೇಲೆ ತೆರೆಸಿದ. ಅಂದು ಅರಮನೆಯ ಹೆಂಗಸರು ಮಕ್ಕಳ ಜೀವ ಉಳಿಯಿತು. ತಂದೆ ಹೊತ್ತಿದ್ದ ಭಾರ ಮಗನ ಹೆಗಲಿಗೆ ಬಂದಿತ್ತು.

ಟಿಪ್ಪುವನ್ನು ಮರುದಿನ ಗುಂಬಜ್‌ನಲ್ಲಿ ದಫನ ಮಾಡಿದರು. ಅಲ್ಲಿ ಒಂದು ಬದಿಗೆ ತಂದೆ ಹೈದರಾಲಿ, ಇನ್ನೊಂದೆಡೆ ತಾಯಿ ಫಾತಿಮಾ ಫಖ್ರುನ್ನಿಸಾ. ಹುಡುಗನಾಗಿದ್ದಾಗ ಅವರನ್ನು ಬಿಟ್ಟು ನದಿ ದಾಟಿ ಹೋಗಿದ್ದ ತಂದೆ, ಅಂದು ಸೆರೆಯಲ್ಲಿ ಜೊತೆಗಿದ್ದ ತಾಯಿ. ಮೂವರೂ ಒಂದೇ ಸೂರಿನಡಿ ಇದ್ದಾರೆ. ಮಕ್ಕಳನ್ನು ವೆಲ್ಲೂರಿಗೆ, 1806ರ ದಂಗೆಯ ನಂತರ ಕಲ್ಕತ್ತೆಗೆ ಕಳುಹಿಸಿದರು. ಕಿರಿಯ ಮಗ ಗುಲಾಮ್ ಮುಹಮ್ಮದ್ 1842ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಟಿಪ್ಪು ಸುಲ್ತಾನರ ಹೆಸರಿನಲ್ಲೇ ಇದೆ.

ನಿಮಗೆ

ಸಹೋದರರೇ, ನಮ್ಮ ಮುಂದೆ ಫಿರಂಗಿ ಇಲ್ಲ. ಆದರೆ ಆಪತ್ತು ನಮಗೂ ಹೊಸದಲ್ಲ. 2020ರ ಮಾರ್ಚ್ ಕೊನೆಯಲ್ಲಿ ಇದೇ ದೇರಾದ ಅಲ್ ರಾಸ್‌ಗೆ ಬೀಗ ಬಿದ್ದಾಗ ನಿಮ್ಮಲ್ಲಿ ಎಷ್ಟೋ ಮಂದಿ ಇಲ್ಲೇ ಇದ್ದಿರಿ. ಊರಿಗೆ ಹೋಗೋಣವೆಂದರೆ ಕೆಲಸ ಹೋಗುತ್ತದೆ, ಇಲ್ಲೇ ಇರೋಣವೆಂದರೆ ಊರಲ್ಲಿ ಮಕ್ಕಳು ಒಬ್ಬಂಟಿ. ಕುಟುಂಬ ಇಲ್ಲಿದ್ದವರಿಗೆ ಹೆಂಡತಿ ಮಕ್ಕಳನ್ನು ಮಾತ್ರ ವಿಮಾನ ಹತ್ತಿಸುವುದೋ, ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವುದೋ ಎಂಬ ಚಿಂತೆ. ಯಾವುದನ್ನು ಆರಿಸಿದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಆಪತ್ತಿನಲ್ಲಿ ತಂದೆ ತಾಯಿಗೆ ನೋವಿಲ್ಲದ ದಾರಿ ಸಿಗುವುದು ಅಪರೂಪ. ಎಲ್ಲವನ್ನೂ ಉಳಿಸಲು ಆಗದ್ದಕ್ಕೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಆದರೆ ತೀರ್ಮಾನ ಮಾಡುವ ಬಗೆ ನಿಮ್ಮ ಕೈಯಲ್ಲಿದೆ. ಅರ್ಧ ರಾಜ್ಯ ಹೋಗುವ ಹೊತ್ತಿನಲ್ಲೂ ಸುಲ್ತಾನರು ಹತ್ತು ಜನರನ್ನು ಕೇಳಿದರು. ನೀವು ಕೆಲಸ ಬಿಡುವ ಮೊದಲು, ಊರಲ್ಲಿ ಜಾಗ ಮಾರುವ ಮೊದಲು, ಸಾಲ ಮಾಡುವ ಮೊದಲು ಹೆಂಡತಿಯನ್ನು ಕೇಳಿ. ಅವಳಿಗೆ ನಿಜ ಹೇಳಿ. ಇಲ್ಲಿ ಸಂಬಳ ಬಾರದ ತಿಂಗಳುಗಳನ್ನು ಮುಚ್ಚಿಟ್ಟರೆ ಅವಳು ಅಲ್ಲಿ ತಪ್ಪು ಲೆಕ್ಕ ಹಾಕುತ್ತಾಳೆ. ಮಕ್ಕಳಿಗೂ ಅವರ ವಯಸ್ಸಿಗೆ ತಕ್ಕಂತೆ ಹೇಳಿ. ಅಪ್ಪ ಯಾಕೆ ದೂರ ಇದ್ದಾರೆ, ಎಂದು ಬರುತ್ತಾರೆ ಎಂದು ಗೊತ್ತಿರುವ ಮಗು ಕಾಯುತ್ತದೆ. ಗೊತ್ತಿಲ್ಲದ ಮಗು ಕೊರಗುತ್ತದೆ.

ಸಾಲಕ್ಕೆ ಕಂತು ಮತ್ತು ಕೊನೆಯ ದಿನ ಬರೆದಿಡಿ, ತೀರಿಸಿ. ಅದು ತೀರುವ ಮೊದಲೇ ಮದುವೆಯ ಆಡಂಬರಕ್ಕೆ, ಮನೆಯ ಎರಡನೆಯ ಮಹಡಿಗೆ ಹೊಸ ಸಾಲ ಮಾಡಿದರೆ, ನೀವು ಊರಿಗೆ ಮರಳುವ ದಿನ ಮತ್ತೆ ದೂರ ಹೋಗುತ್ತದೆ. ಬಡ್ಡಿಗೆ ಕೊಡುವವನ ಕೈಗೆ ಪಾಸ್‌ಪೋರ್ಟನ್ನು ಒತ್ತೆ ಇಡಬೇಡಿ. ಅದು ಭಾರತ ಸರಕಾರದ ಸ್ವತ್ತು, ನಿಮ್ಮದನ್ನು ಇನ್ನೊಬ್ಬರು ಇಟ್ಟುಕೊಳ್ಳಲು ಈ ದೇಶದ ಕಾನೂನೂ ಒಪ್ಪುವುದಿಲ್ಲ.

ಮಕ್ಕಳು ನಮಗೆ ಅಲ್ಲಾಹನು ಕೊಟ್ಟ ಅಮಾನತ್. ನೆರೆಮನೆಯ ಮಗುವೂ ಹಾಗೆಯೇ ಒಬ್ಬ ತಂದೆಯ ಕೈಯಲ್ಲಿರುವ ಅಮಾನತ್. ಝಕಾತ್‌ಗೆ ಅರ್ಹರಾದ 8 ವರ್ಗಗಳಲ್ಲಿ ಬಂಧನದಿಂದ ಬಿಡುಗಡೆ ಬೇಕಾದವರೂ ಇದ್ದಾರೆ, ಸಾಲದಲ್ಲಿ ಸಿಲುಕಿದವರೂ ಇದ್ದಾರೆ. ನಿಮ್ಮ ಊರಲ್ಲಿ, ನಿಮ್ಮ ಕುಟುಂಬದಲ್ಲಿ ಅಂಥ ತಂದೆ ಯಾರಿದ್ದಾರೆ ಎಂದು ಈ ರಮಝಾನ್‌ನಲ್ಲಿ ವಿಚಾರಿಸಿ. ನಿಮ್ಮ ಝಕಾತ್‌ನ ಪಾಲು ಅವರಿಗೆ ತಲುಪಲಿ. ಈ ಸಲದ ಪೆರ್ನಾಳ್‌ಗೆ ಒಂದು ಮನೆಯ ಸಾಲವಾದರೂ ತೀರಲಿ, ಒಬ್ಬ ತಂದೆಯಾದರೂ ಊರಿಗೆ ಮರಳಲಿ.